ಮೂವತ್ತೊಂದನೆಯ ಹಾಳೆಯ ಕೆಂಪು

ಮೂವತ್ತೊಂದನೆಯ ಹಾಳೆ ನನ್ನ ಮೇಜಿಗೆ ಬಂದದ್ದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ. ಆ ದಿನಕ್ಕೆ ಅದು ಏಳನೆಯದು. ಒಂದು ಹಾಳೆಗೆ ನಲವತ್ತು ನಿಮಿಷ ಎಂದು ಗೊತ್ತು ಮಾಡಿಕೊಂಡಿದ್ದೆ. ಊಟದ ನಂತರ ಅದು ಇಪ್ಪತ್ತೈದಕ್ಕೆ ಇಳಿದಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದರಲ್ಲಿ ನನ್ನ ಪಾಲು ಆ ಹದಿನೈದು ನಿಮಿಷ.

ಬೇ ಏರಿಯಾದ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ನಾನು ಆರು ತಿಂಗಳ ಕಾಂಟ್ರಾಕ್ಟಿನ ದಾಖಲೆಗಾರ. ಸುಮಾರು ಐನೂರು ವರ್ಷ ಹಿಂದೆ ಯುರೋಪಿನಲ್ಲಿ ಮರದ ಅಚ್ಚಿನಿಂದ ಒತ್ತಿದ ನಲವತ್ತೆರಡು ಚಿತ್ರಗಳು ಕ್ಯಾಂಪ್‌ಬೆಲ್‌ನ ಒಂದು ಮನೆಯಿಂದ ದಾನವಾಗಿ ಬರುವುದಿತ್ತು. ದಾನಪತ್ರಕ್ಕೆ ಇನ್ನೂ ಸಹಿಯಾಗಿರಲಿಲ್ಲ. ಸಹಿಗೆ ಮುಂಚೆ ಪ್ರತಿಯೊಂದು ಹಾಳೆಯ ಸ್ಥಿತಿಯನ್ನೂ ಬರೆದಿಡಬೇಕು: ಎಲ್ಲಿ ಹರಿದಿದೆ, ಎಲ್ಲಿ ಹುಳು ತಿಂದಿದೆ, ಎಲ್ಲಿ ಕಂದಿದೆ, ಹಿಂಬದಿಯಲ್ಲಿ ಯಾವ ಹಳೆಯ ಅಂಟು ಉಳಿದಿದೆ. ಮೊದಲು ದೀಪವನ್ನು ಪಕ್ಕದಿಂದ ಬಿಟ್ಟು ಕಾಗದದ ಏರುತಗ್ಗು ನೋಡುವುದು. ಆಮೇಲೆ ಕೆಳಗಿನಿಂದ ಬೆಳಕು ಹಾಯಿಸಿ ಕಾಗದದೊಳಗಿನ ಗೆರೆಗಳನ್ನು ಎಣಿಸುವುದು. ಕೊನೆಗೆ ಹತ್ತು ಪಟ್ಟಿನ ಭೂತಗನ್ನಡಿ. ಇಷ್ಟಾದ ಮೇಲೆ ಫಾರಮ್ಮಿನ ಎರಡನೆಯ ಪುಟ: ಚಿತ್ರದಲ್ಲಿ ಇರುವ ಸಂಕೇತಗಳ ಪಟ್ಟಿ. ಏಣಿ, ಸುತ್ತಿಗೆ, ಇಕ್ಕುಳ, ಮುಳ್ಳಿನ ಕಿರೀಟ, ಹುಂಜ, ದಾಳ. ಇದ್ದದ್ದಕ್ಕೆ ಗುರುತು ಹಾಕಬೇಕು. ಅದರ ಕೆಳಗೆ ಭಾವದ ಪಟ್ಟಿ. ಕೈ ಹೊಸೆಯುವುದು, ಕೆನ್ನೆಗೆ ಕೈ ಇಡುವುದು, ಮುಖ ಮುಚ್ಚಿಕೊಳ್ಳುವುದು, ಮೂರ್ಛೆ. ಅದಕ್ಕೂ ಗುರುತು.

ಹಾಳೆಗಳಲ್ಲಿ ಹೆಚ್ಚಿನವು ಕ್ರಿಸ್ತನ ಕೊನೆಯ ದಿನಗಳವು. ದಿನಕ್ಕೆ ಆರೇಳು ಸಾವು. ಮೊದಲ ದಿನ ಪ್ರತಿ ಮುಖದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಮರದಲ್ಲಿ ಕಣ್ಣೀರನ್ನು ಕೆತ್ತಲು ಆಗುವುದಿಲ್ಲ ಎಂಬುದು ಆಗ ತಿಳಿಯಿತು. ಅದರ ಸುತ್ತ ಇರುವ ಮರವನ್ನು ಕೆತ್ತಿ ತೆಗೆದು, ಕೂದಲೆಳೆಯಷ್ಟು ಗೆರೆಯನ್ನು ಉಳಿಸಬೇಕು, ಆ ಗೆರೆ ಶಾಯಿ ಹಿಡಿಯಬೇಕು. ಮೂರನೆಯ ದಿನಕ್ಕೆ ಕಣ್ಣೀರು ನನಗೆ ಬರೀ ಒಂದು ಗುರುತು. ಕುತ್ತಿಗೆ ನೋಯುತ್ತಿತ್ತು. ಮೌಂಟನ್ ವ್ಯೂಗೆ ಮರಳುವ ರೈಲಿನಲ್ಲಿ ಎದುರು ಕೂತವರ ಮುಖದಲ್ಲಿ ಕಪ್ಪು ಗೆರೆಗಳೇ ಕಾಣುತ್ತಿದ್ದವು.

ಮೂವತ್ತೊಂದನೆಯದರಲ್ಲಿ ಶಿಲುಬೆಯಿಂದ ಇಳಿಸಿದ ಮಗನನ್ನು ತಾಯಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಸುತ್ತ ಯಾರೂ ಇಲ್ಲ. ಮಗ ಬೆಳೆದ ಗಂಡಸು, ತೊಡೆಯಲ್ಲಿ ಹಿಡಿಸುವುದಿಲ್ಲ. ಕಾಲು ಚೌಕಟ್ಟಿನ ಗೆರೆಗೆ ತಾಗಿದೆ. ಸಂಗ್ರಹದ ಉಳಿದ ಹಾಳೆಗಳೆಲ್ಲ ಕಪ್ಪು ಬಿಳುಪು. ಇದರಲ್ಲಿ ಮಾತ್ರ ಬಣ್ಣವಿತ್ತು. ತಾಯಿಯ ಹಣೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕೆಂಪು ಚುಕ್ಕೆ. ಕೆನ್ನೆಯ ಮೇಲೆ ತೆಳುವಾದ ಹಳದಿ.

ನಾನು ನೋಡುತ್ತಿದ್ದಾಗ, ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್ ಬಂದು ಹಿಂದೆ ನಿಂತರು. ನಿವೃತ್ತಿಗೆ ಹತ್ತಿರವಿದ್ದ ಹೆಂಗಸು. ಈ ಹಾಳೆಗಳಿಂದ ಅವರು ಕಟ್ಟುತ್ತಿದ್ದ ಪ್ರದರ್ಶನ ಅವರ ಕೊನೆಯದು. ಆಗಿನ ಕಾಲದಲ್ಲಿ ಇಂಥ ಚಿತ್ರಗಳನ್ನು ಕೊಂಡವರು ಕೈಯಿಂದ ಬಣ್ಣ ಹಚ್ಚಿಸಿಕೊಳ್ಳುವ ರೂಢಿಯಿತ್ತು. ಸಾಮಾನ್ಯವಾಗಿ ಕೆಂಪು ಗಾಯಗಳಿಗೆ ಹೋಗುತ್ತದೆ.

"ಗಾಯಗಳನ್ನು ನೋಡು, ಒಂದಕ್ಕೂ ಕೆಂಪಿಲ್ಲ," ಅಂದರು. "ಮಗನ ರಕ್ತವನ್ನು ತೆಗೆದು ತಾಯಿಯ ಹಣೆಗೆ ಇಟ್ಟಿದ್ದಾನೆ. ಅವನ ನೋವು ಅವಳದ್ದಾಯಿತು. ಇದನ್ನು ನಾನು ಓದಿದ್ದೇನೆ, ಕಣ್ಣಾರೆ ಕಂಡಿರಲಿಲ್ಲ."

ನಾನು ಫಾರಮ್ಮಿನಲ್ಲಿ ಬರೆದೆ: 'ಹಣೆಯಲ್ಲಿ ಕೆಂಪು, ಕೆನ್ನೆಯಲ್ಲಿ ಹಳದಿ, ಕೈಬಣ್ಣ, ಚಿತ್ರದ ಕಾಲದ್ದೇ ಇರಬಹುದು.' ಸಹಿ ಹಾಕಿದೆ. ಒಬ್ಬರು ಹೇಳಿದ್ದನ್ನು ಪರೀಕ್ಷಿಸದೆ ನನ್ನ ವಾಕ್ಯವಾಗಿ ಬರೆದೆ. ಹಿಂದೆ ಊರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಡೆಸ್ಕಿನಲ್ಲಿ ಇದನ್ನು ಮಾಡಿದ ಹೊಸಬರನ್ನು ನಾನೇ ಗದರಿಸಿದ್ದುಂಟು.

ಎರಡು ವಾರದಲ್ಲಿ ಆ ಹಾಳೆಗೆ ಪ್ರದರ್ಶನದ ನಡುಗೋಡೆಯಲ್ಲಿ ಜಾಗ ಗೊತ್ತಾಯಿತು. ಕ್ಯುರೇಟರ್ ಅದರ ಮೇಲೆ ಆರು ಪುಟದ ಲೇಖನ ಬರೆದರು. ಪ್ರದರ್ಶನದ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಉಳಿದದ್ದು ಒಂದೇ: ಕಾಗದದ ಆಮ್ಲ ತೆಗೆಯಲು ಹಾಳೆಗೆ ಸ್ನಾನ ಮಾಡಿಸಬೇಕು, ಅದಕ್ಕೆ ದಾನಿಯೂ ಒಪ್ಪಿದ್ದರು.

ಸ್ನಾನ ಎಂದರೆ ಸ್ನಾನವೇ. ಹಳೆಯ ಕಾಗದ ಒಳಗೊಳಗೇ ಹುಳಿಯಾಗುತ್ತಾ ಕಂದುತ್ತದೆ, ಮುರಿಯುತ್ತದೆ. ಅದನ್ನು ಸುಣ್ಣದ ತಿಳಿನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಮಲಗಿಸಿದರೆ ಹುಳಿ ಇಳಿದು ಇನ್ನೂ ಇನ್ನೂರು ವರ್ಷ ತಾಳಬಹುದು ಎಂಬುದು ನಂಬಿಕೆ. ಅಚ್ಚಿನ ಕಪ್ಪು ಶಾಯಿ ಎಣ್ಣೆಯದು, ಅದಕ್ಕೆ ಏನೂ ಆಗುವುದಿಲ್ಲ. ಬಣ್ಣವಿದ್ದರೆ ಮಾತ್ರ ಪರೀಕ್ಷಿಸಬೇಕು. ಈ ಕೆಲಸ ಕಾಗದ ಸಂರಕ್ಷಕನದು. ಸ್ಯಾನ್ ಹೋಸೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಕಡಿಮೆ. ಬುಧವಾರ ಬೆಳಗ್ಗೆ ಅವನು ಮೊದಲು ಬರೀ ನೀರಿನ ಒಂದು ಹನಿಯನ್ನು ಚುಕ್ಕೆಯ ಅಂಚಿಗೆ ಇಟ್ಟು ಹೀರುಕಾಗದ ಒತ್ತಿದ. ಏನೂ ಬರಲಿಲ್ಲ. "ಗಟ್ಟಿ ಇದೆ," ಅಂದ. ತಟ್ಟೆಗೆ ನೀರು ತುಂಬಿ ಸುಣ್ಣದ ತಿಳಿ ಬೆರೆಸಿದ. ನಂತರ, ನಿಯಮದಂತೆ, ಅದೇ ತಟ್ಟೆಯ ನೀರನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಹಳದಿಯ ಕೆಳತುದಿಗೆ ಮುಟ್ಟಿಸಿದ.

ಹಳದಿ ಕೆಂಪಾಯಿತು.

"ಇದೇನಿದು?" ಅಂದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಬಣ್ಣ ಕರಗುವುದು ಗೊತ್ತು, ಮಾಸುವುದು ಗೊತ್ತು. ಹಳದಿ ಕೆಂಪಾಗುವುದನ್ನು ನೋಡಿಲ್ಲ."

ನಾನು ನೋಡಿದ್ದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಆರತಿ ಮಾಡುವುದನ್ನು ಮದುವೆ, ಬಾಣಂತನ, ಊರಿಂದ ಬಂದವರು ಎಂದು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆ. ಆ ತಟ್ಟೆಯ ಬಣ್ಣವೇ ಇದು. ಹೆಂಗಸಿನ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ. ಹುಟ್ಟಿದಾಗಿನಿಂದ ದಿನಾ ಕಂಡದ್ದು. ಭೂತಗನ್ನಡಿ ಹಿಡಿದು ಇಪ್ಪತ್ತೈದು ನಿಮಿಷ ಕೂತು 'ಕೈಬಣ್ಣ' ಎಂದು ಬರೆದಿದ್ದೆ. ಯುರೋಪಿನ ಕೈಪಿಡಿ ಓದುತ್ತಾ ಯುರೋಪಿನ ಕಣ್ಣನ್ನೇ ಹಾಕಿಕೊಂಡಿದ್ದೆ ಎಂದು ಈಗ ಹೇಳಬಹುದು. ಆಗ ಅನ್ನಿಸಿದ್ದು ಬರೀ ನಾಚಿಕೆ.

"ತಟ್ಟೆ ಖಾಲಿ ಮಾಡು. ಇದು ಅರಿಶಿನ," ಅಂದೆ. "ಮೇಲಿನ ಕೆಂಪೂ ಅದರಿಂದಲೇ ಮಾಡಿದ್ದು."

ಅವನು ದೀಪ ಆರಿಸಿ ಅತಿನೇರಳೆ ಬೆಳಕು ಹಿಡಿದ. ಹಳದಿ ಹಸಿರಾಗಿ ಹೊಳೆಯಿತು. ಆ ಕಾಲದವರು ಬಳಸುತ್ತಿದ್ದ ಖನಿಜದ ಕೆಂಪು ಈ ಬೆಳಕಿನಲ್ಲಿ ಕಪ್ಪಗೆ ಕಾಣಬೇಕು. ಹಣೆಯ ಚುಕ್ಕೆ ಕಪ್ಪಗಾಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕುಂಚದ ಗೆರೆಯೂ ಇಲ್ಲ. ಪುಡಿ, ಕಾಗದದ ನಾರಿನ ಮೇಲೆ ಕೂತ ಕಣಗಳು, ಅಂಚು ಅಚ್ಚುಕಟ್ಟಾಗಿ ದುಂಡಗೆ. ಹಾಳೆಯನ್ನು ಸುಣ್ಣದ ನೀರಿಗೆ ಇಳಿಸಿದ್ದರೆ ಅದು ಕರಗಿ ಆ ಮುಖವೆಲ್ಲ ಹರಡುತ್ತಿತ್ತು.

ಕ್ಯುರೇಟರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅರಿಶಿನ ಆ ಕಾಲಕ್ಕೇ ಯುರೋಪಿಗೆ ಹೋಗುತ್ತಿತ್ತು," ಅಂದರು. ಅದು ನಿಜ. "ಯಾರೋ ಬಣ್ಣದವನು ಬಳಸಿದ್ದಾನೆ. ಹಾಗಾದರೆ ಇದು ಇನ್ನೂ ಅಪರೂಪದ್ದು."

"ಇದು ನಮ್ಮ ಮನೆಗಳಲ್ಲಿ ದೇವರ ಪಟಕ್ಕೆ ಹಚ್ಚುವುದು."

"ನಿನಗೆ ಹಾಗೆ ಕಾಣುತ್ತದೆ. ಪುರಾವೆ ಇದೆಯೇ?"

ಇರಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು.

ಹೊರಗೆ ಬಂದ ಮೇಲೆ ಸಂರಕ್ಷಕ ಇನ್ನೊಂದು ವಿಷಯ ಹೇಳಿದ. ಮ್ಯೂಸಿಯಮ್ಮಿನ ನಿಯಮದಲ್ಲಿ ಬಣ್ಣ ಚಿತ್ರದ ಕಾಲದ್ದಾದರೆ ಅದು ಚಿತ್ರದ ಭಾಗ, ಮುಟ್ಟುವಂತಿಲ್ಲ. ಇತ್ತೀಚಿನದಾದರೆ ಅದು ಬರೀ ಕೊಳೆ, ತೆಗೆಯಬೇಕು. "ಆಲ್ಕೋಹಾಲಿನಲ್ಲಿ ಕರಗುತ್ತದೆ. ಕೆಳಗಿನಿಂದ ಗಾಳಿ ಎಳೆಯುವ ಮೇಜಿನ ಮೇಲಿಟ್ಟರೆ ಒಂದು ಗಂಟೆ ಕೆಲಸ. ನೀನು ಸರಿ ಅಂತ ಸಾಬೀತಾದರೆ, ದಾನಪತ್ರಕ್ಕೆ ಸಹಿ ಬಿದ್ದ ಮೇಲೆ ನಾನು ಅದನ್ನು ಅಳಿಸಬೇಕಾಗುತ್ತದೆ, ಗೊತ್ತಿರಲಿ," ಅಂದ.

ಎಂದರೆ ನನ್ನ ತಪ್ಪು ದಾಖಲೆ ಹಾಗೇ ಇದ್ದರೆ ಆ ಚುಕ್ಕೆ ಉಳಿಯುತ್ತದೆ, ಗೋಡೆಯ ನಡುವೆ, ಗಾಜಿನ ಹಿಂದೆ. ತಿದ್ದಿದರೆ ಹೋಗುತ್ತದೆ.

ಪುರಾವೆ ಇರುವುದಾದರೆ ಒಂದೇ ಕಡೆ. ಚಿತ್ರವನ್ನು ಕೊಂಡಾಗ ವ್ಯಾಪಾರಿ ಕಳಿಸಿದ ಬಣ್ಣದ ಫೋಟೋ. ದಾನ ಕೊಡುತ್ತಿರುವ ಡಾಕ್ಟರಿಗೆ ಮೆಸೇಜ್ ಹಾಕಿದೆ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್, ಬೆಂಗಳೂರಿನವರು. ಈ ಚಿತ್ರಗಳನ್ನು ಕೂಡಿಹಾಕಿದ್ದು ಅವರ ಗಂಡ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಸೈಕಲ್ ತುಳಿಯುತ್ತಿದ್ದಾಗ ಗಂಡನ ಹೃದಯ ನಿಂತಿತ್ತು. ಆಮೇಲೆ ಆ ಮನೆಯಲ್ಲಿ ಇಬ್ಬರೇ, ಡಾಕ್ಟರ್ ಮತ್ತು ಅವರ ಅತ್ತೆ. 'ನಾನು ಡ್ಯೂಟಿಯಲ್ಲಿರ್ತೀನಿ. ಫೈಲು ಅತ್ತೆ ಕೊಡ್ತಾರೆ,' ಎಂದು ಉತ್ತರ ಬಂತು.

ಕ್ಯಾಂಪ್‌ಬೆಲ್‌ಗೆ ಹೋದಾಗ ಮಧ್ಯಾಹ್ನ. ಬಾಗಿಲು ತೆರೆದವರು ಅತ್ತೆಯವರು. ಎಪ್ಪತ್ತು ದಾಟಿದವರು, ನೂಲಿನ ಸೀರೆಯ ಮೇಲೆ ಸ್ವೆಟರ್, ಬರಿದಾದ ಹಣೆ.

"ಬರ್ರಿ. ಆಕಿ ಹೇಳ್ಯಾಳ. ಚಪ್ಪಲ್ ಅಲ್ಲೇ ಬಿಡ್ರಿ. ಚಾ ಕುಡೀತೀರೋ, ನೀವೂ ಕಾಫಿ ಮಂದಿನೋ?"

"ಏನೂ ಬೇಡ ಅಮ್ಮ. ಫೈಲು ಕೊಟ್ರೆ ಸಾಕು."

"ಅಂದ್ರ ಕಾಫಿ ಮಂದಿ. ಮಾತಿನ್ಯಾಗ ಗೊತ್ತಾತು. ಮೈಸೂರ ಕಡ್ಯಾವ್ರು."

"ಮಂಡ್ಯ."

"ಅದ ಅದ. ಬೇಡ ಅಂದು ಆಮ್ಯಾಲ ಕುಡ್ಯಾವ್ರು. ನಾ ಧಾರವಾಡದಾಕಿ. ಕುಂದರ್ರಿ."

ಚಹಾ ಬಂತು. ಫೈಲು ಮೇಜಿನ ಮೇಲಿತ್ತು. ಅಚ್ಚುಕಟ್ಟಾದ ಫೈಲು, ಸತ್ತ ಮನುಷ್ಯ ಪ್ರತಿ ಹಾಳೆಗೂ ಒಂದೊಂದು ಪ್ಲಾಸ್ಟಿಕ್ ಕವರು ಮಾಡಿ, ವ್ಯಾಪಾರಿಯ ಪತ್ರ, ಫೋಟೋ ಎಲ್ಲವನ್ನೂ ಇಟ್ಟಿದ್ದರು. ಮೂವತ್ತೊಂದನೆಯ ಹಾಳೆಯ ಫೋಟೋ ಹೊರತೆಗೆದೆ. ತಾಯಿಯ ಹಣೆ ಬಿಳಿ. ಕೆನ್ನೆ ಬಿಳಿ.

ಅತ್ತೆಯವರು ಎದುರಿಗೆ ನಿಂತು ನಾನು ಯಾವ ಫೋಟೋ ತೆಗೆದೆನೆಂದು ನೋಡುತ್ತಿದ್ದರು. ನಾನು ಏನೂ ಕೇಳುವ ಮುಂಚೆ ಅವರೇ ಕೇಳಿದರು.

"ಅಳಿಸ್ಯಾರೇನು?"

"ಇಲ್ಲ ಅಮ್ಮ. ಇನ್ನೂ ಇಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತು ಸೆರಗಿನ ತುದಿ ಮಡಿಸಿದರು, ಬಿಚ್ಚಿದರು. ಆಮೇಲೆ ಹೇಳಿದ್ದು ಇದು. ಚಿತ್ರ ಮಗನ ಓದುವ ಕೋಣೆಯ ಗೋಡೆಯಲ್ಲಿತ್ತು. ಅವನು ಹೋದ ವಾರ ಮನೆಗೆ ಜನ ಬಂದು ಸಾಮಾನು ಸರಿಸುವಾಗ ಗಾಜು ಸೀಳಿತು. ಚೂರು ತಾಗಿ ಚಿತ್ರ ಹರಿಯಬಾರದೆಂದು ಸೊಸೆ ಗಾಜು ತೆಗೆಸಿ, ಹಾಳೆಯನ್ನು ರಟ್ಟಿನ ಹೊದಿಕೆಯೊಳಗಿಟ್ಟು ಅದೇ ಕೋಣೆಯ ಶೆಲ್ಫಿನಲ್ಲಿ ನಿಲ್ಲಿಸಿದರು. ಹೊಸ ಗಾಜು ಹಾಕಿಸುವುದು ಆಗಲೇ ಇಲ್ಲ. ಆಮೇಲೆ ಆ ಕೋಣೆ ಅತ್ತೆಯವರದಾಯಿತು. ಸೊಸೆ ಮತ್ತೆ ರಟ್ಟು ತೆರೆದು ನೋಡಲಿಲ್ಲ.

"ಶುಕ್ರವಾರ ದೇವರಿಗೆ ಹಚ್ಚೂದು ಆದ ಮ್ಯಾಲ ರಟ್ಟು ತಗದು ಚಿತ್ರದಾಗಿನ ಆಕಿಗೂ ಇಷ್ಟ ಹಚ್ತಿದ್ದೆ. ಬೆರಳು ದಪ್ಪ ಆಗ್ತದಂತ ಊದಿನಕಡ್ಡಿ ತುದೀಲೆ. ಮೊದಲ ಕೆನ್ನಿಗೆ ಅರಿಷಿಣ, ಆಮ್ಯಾಲ ಕುಂಕುಮ. ಕ್ರಿಶ್ಚನ್ನರಿಗೆ ಕುಂಕುಮ ಇಲ್ಲಂತ ನನಗ ಗೊತ್ತಿಲ್ಲಂತ ತಿಳೀಬ್ಯಾಡ ತಮ್ಮಾ. ಕಾನ್ವೆಂಟ್ ಸಾಲಿ ಬಾಜೂಕ ಮೂವತ್ತ ವರ್ಷ ಇದ್ದಾಕಿ ನಾ."

"ಮತ್ತೆ ಯಾಕಮ್ಮ?"

"ಗಂಡ ಸತ್ತಾಗ ಏನೇನ ತಗೀಬೇಕು ಅಂತ ಹೇಳಾಕ ಓಣಿ ತುಂಬ ಮಂದಿ ಬಂದಿದ್ರು. ಮಗ ಸತ್ತಾಗ ಯಾರೂ ಏನೂ ಹೇಳಲಿಲ್ಲ. ಹೇಳಾಕ ಏನೂ ಇಲ್ಲೇನೋ. ಆಕೀನೂ ಹಂಗ ಕುಂತಿದ್ಲು, ಅಷ್ಟು ದೊಡ್ಡ ಮಗನ್ನ ತೊಡೀ ಮ್ಯಾಲ ಹಾಕ್ಕೊಂಡು, ಬರೇ ಹಣೀಲೆ. ಮಗ ಸತ್ತರ ಹಣಿ ಯಾಕ ಬರಿದಿರಬೇಕು? ಅದಕ್ಕ ಹಚ್ಚಿದೆ."

ನಾನು ನೋಟ್‌ಬುಕ್ ತೆಗೆದಿರಲಿಲ್ಲ. ಅಭ್ಯಾಸದಿಂದ ಕೈ ಜೇಬಿಗೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ.

"ಸೊಸಿ ಮುಂದ ಹೇಳಬ್ಯಾಡ," ಅಂದರು. "ಆಕಿ ಅದನ್ನ ಕೈಗೆ ಬಿಳೀ ಚೀಲ ಹಾಕ್ಕೊಂಡು ಹಿಡೀತಾಳ. ಅವನು ತಂದ ಮೊದಲನೇ ಚಿತ್ರ ಅದು. ಎರಡು ವರ್ಷಾತು, ಆಕಿ ನನ್ನ ಮ್ಯಾಲ ಒಂದಿನ ಧ್ವನಿ ಎತ್ತಿಲ್ಲ. ಇದು ಗೊತ್ತಾದ್ರ..."

ಈ ಮನೆ ಬಿಟ್ಟರೆ ಅವರಿಗೆ ಇಲ್ಲಿ ಬೇರೆ ಯಾರೂ ಇಲ್ಲ ಎಂಬುದು ನನಗೂ ಗೊತ್ತಿತ್ತು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಾನು ನಿಜ ಬರೆದರೆ ಅವರು ಅದನ್ನ ಅಳಿಸಬಹುದು. ಬರೆಯದಿದ್ದರೆ ಉಳಿಯುತ್ತೆ. ಐನೂರು ವರ್ಷದ ಹಿಂದೆ ಯಾರೋ ಕಲಾವಿದ ಹಚ್ಚಿದ್ದು ಅಂತ ಗೋಡೆ ಮೇಲೆ ಬರೆದು ಹಾಕ್ತಾರೆ."

"ಐನೂರ ವರ್ಷ!" ಅವರು ನಕ್ಕುಬಿಟ್ಟರು. "ನನಗ ಎಪ್ಪತ್ತಾರು, ಅದರಾಗ ಮೊಳಕಾಲು ಹೋಗ್ಯಾವ. ಹಂಗಾರ ಬರೀಬ್ಯಾಡ."

"ಬರೀಲೇಬೇಕು ಅಮ್ಮ. ನಾನು ಸುಳ್ಳು ಬರೆದಿಟ್ಟರೆ, ನಾಳೆ ಇನ್ಯಾರೋ ಅದನ್ನ ನಂಬಿ ಚಿತ್ರವನ್ನ ಸುಣ್ಣದ ನೀರಿಗೆ ಇಳಿಸ್ತಾರೆ."

ಅವರ ನಗು ನಿಂತಿತು. "ಮಾರಿ ತುಂಬ ಓಕಳಿ ಆಗ್ತದಲ್ಲೋ."

"ಹೌದು."

"ಛೇ." ಸೆರಗು ಸರಿಮಾಡಿಕೊಂಡು, "ಬರಿ. ಆದ್ರ ನನ್ನ ಹೆಸರು ಹಾಕಬ್ಯಾಡ."

"ಮನೆಯವರೊಬ್ಬರು ಅಂತ ಬರೀತೀನಿ. ನಾಳೆ ಹತ್ತು ಗಂಟೆಗೆ ಬರೀತೀನಿ. ಡಾಕ್ಟ್ರಿಗೆ ಒಂದು ಪ್ರತಿ ಹೋಗುತ್ತೆ, ಅದನ್ನ ತಪ್ಪಿಸೋಕೆ ಆಗಲ್ಲ. ಅದಕ್ಕೆ ಮುಂಚೆ ನೀವೇ ಹೇಳಿದ್ರೆ ಒಳ್ಳೇದು."

"ಮನೀಯವರೊಬ್ಬರು! ಇರೂದ ಇಬ್ಬರು. ಆಕಿ ಹಚ್ಚಿಲ್ಲಂದ್ರ ಯಾರು ಹಚ್ಚಿರ್ತಾರ, ಬೆಕ್ಕು?" ಅಂದರು. ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದರು. ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವವರೆಗೂ ಹೊರಗೆ ಬರಲಿಲ್ಲ.

ಮರುದಿನ ಹತ್ತಕ್ಕೆ ತಿದ್ದುಪಡಿ ಬರೆದೆ. ಹಿಂದಿನ ವಾಕ್ಯ ಅಳಿಸಲಿಲ್ಲ. ಅದರ ಮೇಲೆ ಗೆರೆ ಎಳೆದು, ಕೆಳಗೆ: 'ಮೇಲಿನ ನಮೂದು ತಪ್ಪು. ಪರಿಶೀಲಿಸದೆ ಬರೆದದ್ದು ನಾನು. ಕೆಂಪು ಮತ್ತು ಹಳದಿ ಇತ್ತೀಚಿನವು. ಅರಿಶಿನ ಮತ್ತು ಕುಂಕುಮ, ಪುಡಿ ರೂಪದಲ್ಲಿ, ದಾನಿಯ ಮನೆಯಲ್ಲಿ ಹಚ್ಚಿದ್ದು. ಆಧಾರ: ಕೊಂಡ ಸಮಯದ ಫೋಟೋ, ಮನೆಯವರೊಬ್ಬರ ಹೇಳಿಕೆ. ಸುಣ್ಣದ ನೀರು ಮುಟ್ಟಿಸಬಾರದು.' ಕ್ಯುರೇಟರ್, ಸಂರಕ್ಷಕ, ಡಾಕ್ಟರ್ ಮೂವರಿಗೂ ಕಳಿಸಿದೆ. ಬಳಿಕ, ಅವಸರದಲ್ಲಿ ಬರೆದದ್ದನ್ನು ಮತ್ತೆ ನೋಡಲು, ಮೂವತ್ತೆಂಟನೆಯ ಹಾಳೆ ಹೊರತೆಗೆದೆ. ಏಣಿ, ಇಕ್ಕುಳ, ಮೂರ್ಛೆ.

ಕ್ಯುರೇಟರ್ ಬಾಗಿಲಲ್ಲಿ ಕಾಣಿಸಿಕೊಂಡು ಫೋಟೋ ಕೇಳಿದರು. ಕೊಟ್ಟೆ. ಕಿಟಕಿಯ ಹತ್ತಿರ ಒಯ್ದು ನೋಡಿದರು. "ಆರು ಪುಟ," ಅಂದರು, ಫೋಟೋ ಮರಳಿಸಿ ಹೋದರು. ಅವರು ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು.

ಡಾಕ್ಟರ್ ಫೋನ್ ಮಾಡಿದ್ದು ಹನ್ನೊಂದೂವರೆಗೆ. "ಅತ್ತೆ ಬೆಳಗ್ಗೆ ನಾನು ಡ್ಯೂಟಿ ಮುಗಿಸಿ ಬಂದು ಶೂ ಬಿಚ್ತಾ ಇರೋವಾಗ್ಲೇ ಹೇಳಿಬಿಟ್ರು. ನಾನು ಹೋಗಿ ಮಲಗಿದೆ, ನಿದ್ದೆ ಬರಲಿಲ್ಲ. ಚಿತ್ರ ನೋಡಬಹುದಾ? ಅವರನ್ನೂ ಕರ್ಕೊಂಡು ಬರ್ತೀನಿ. ಒಬ್ಬಳೇ ಬಂದ್ರೆ ಏನಾದ್ರೂ ತಪ್ಪು ಡಿಸೈಡ್ ಮಾಡ್ತೀನಿ."

ಎರಡು ಗಂಟೆಗೆ ಬಂದರು. ಡಾಕ್ಟರರ ಕಣ್ಣುಗಳು ಕೆಂಪಗಿದ್ದವು. ಅತ್ತೆಯವರು ಸೊಸೆಯಿಂದ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಮನೆಯಲ್ಲಿ ಕಂಡ ಚುರುಕು ಇರಲಿಲ್ಲ. ಚಿತ್ರವನ್ನು ಬೂದು ಬಣ್ಣದ ಮೆತ್ತೆಯ ಮೇಲೆ ಇಟ್ಟಿದ್ದೆವು. ಕ್ಯುರೇಟರ್ ಮತ್ತು ಸಂರಕ್ಷಕ ಮೇಜಿನ ಆ ಕಡೆ ನಿಂತರು.

ಸಂರಕ್ಷಕ ಡಾಕ್ಟರಿಗೆ ಮೂರು ದಾರಿ ಹೇಳಿದ. ದಾನಪತ್ರಕ್ಕೆ ಸಹಿಯಾಗಿಲ್ಲದ್ದರಿಂದ ನಿಯಮ ಇನ್ನೂ ಅನ್ವಯಿಸುವುದಿಲ್ಲ, ತೀರ್ಮಾನ ಮಾಲೀಕರದು. ಆಲ್ಕೋಹಾಲಿನಿಂದ ಪೂರ್ತಿ ತೆಗೆಯಬಹುದು. ಆಮೇಲೆ ಸ್ನಾನ ಮಾಡಿಸಿದರೆ ಹಾಳೆ ಬಹುಕಾಲ ಬಾಳುತ್ತದೆ. ಮೆತ್ತನೆಯ ಕುಂಚದಿಂದ ಮೇಲಿನ ಪುಡಿಯಷ್ಟನ್ನು ಎತ್ತಬಹುದು, ಕಲೆ ಉಳಿಯುತ್ತದೆ. ಅಥವಾ ಹಾಗೇ ಬಿಡಬಹುದು. ಬಿಟ್ಟರೆ ಮುಂದೆಂದೂ ನೀರು ತಾಗಿಸುವಂತಿಲ್ಲ. ಕಾಗದ ಹುಳಿಯಾಗುತ್ತಲೇ ಹೋಗುತ್ತದೆ, ಬೇಗ ಮುರಿಯುತ್ತದೆ.

ಡಾಕ್ಟರ್ ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು.

"ಎಷ್ಟು ವಾರ ಹಚ್ಚಿದ್ರಿ ಅತ್ತೆ?" ತಲೆ ಎತ್ತಲಿಲ್ಲ.

"ಎಣಿಸಿಲ್ಲವಾ. ನೀ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿರ್ತಿದ್ದಿಯಲ್ಲ, ಆವಾಗ."

"ನಾನು ಗ್ಲೌಸ್ ಇಲ್ದೆ ಮುಟ್ತಿರ್ಲಿಲ್ಲ. ಅವರು ನನಗೆ ಬೈದಿದ್ರು ಒಂದ್ಸಲ, ಬರೀ ಕೈಯಲ್ಲಿ ಹಿಡಿದೆ ಅಂತ."

"ನನಗೂ ಬೈದಿದ್ದ."

"ಮತ್ತೆ?"

"ಬೈಯಾಕ ಅವನಿದ್ದನೇನು?"

ಡಾಕ್ಟರ್ ಭೂತಗನ್ನಡಿಯನ್ನು ತಾಯಿಯ ಮುಖದಿಂದ ಮಗನ ಎದೆಗೆ, ಎದೆಯಿಂದ ಕೈಗೆ, ಕೈಯಿಂದ ಕಾಲಿಗೆ ನಿಧಾನವಾಗಿ ಸರಿಸಿದರು. ರೋಗಿಯನ್ನು ನೋಡುವ ಕ್ರಮದಲ್ಲಿ ನೋಡುತ್ತಿದ್ದರು.

"ಇವನಿಗೆ ಯಾಕೆ ಏನೂ ಹಚ್ಚಲಿಲ್ಲ?"

ಅತ್ತೆಯವರು ಮೇಜಿನ ಹತ್ತಿರ ಬರಲಿಲ್ಲ. "ಅವನ್ನ ಮುಟ್ಟಾಕ ಧೈರ್ಯ ಆಗಲಿಲ್ಲವಾ," ಅಂದರು.

ಡಾಕ್ಟರ್ ಭೂತಗನ್ನಡಿಯನ್ನು ಕೆಳಗಿಟ್ಟರು. ಕಣ್ಣು ಒರೆಸಿಕೊಳ್ಳಲು ಮೇಜಿನಿಂದ ದೂರ ಸರಿದರು. ಹಾಳೆಯ ಮೇಲೆ ಹನಿ ಬೀಳಬಾರದೆಂಬ ಎಚ್ಚರ ಅವರಿಗೆ ಆಗಲೂ ಇತ್ತು. ಅತ್ತೆಯವರು ಹೋಗಿ ಅವರ ಬೆನ್ನಿನ ಮೇಲೆ ಕೈಯಿಟ್ಟರು.

ಕ್ಯುರೇಟರ್ ನನ್ನ ಕಡೆ ನೋಡಿದರು. ಅತ್ತೆ ಸೊಸೆ ಆಡಿದ ಮಾತನ್ನು ಆದಷ್ಟು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೇಳಿಕೊಂಡು, ಚಿತ್ರವನ್ನು ಮತ್ತೊಮ್ಮೆ ನೋಡಿ, "ಗಾಯಗಳಿಗೆ ಯಾಕೆ ಬಣ್ಣವಿಲ್ಲ ಅಂತ ನಾನು ಕೇಳಿದ್ದು ಸರಿಯೇ ಇತ್ತು," ಅಂದರು. "ಶತಮಾನ ತಪ್ಪಿತು." ಆಮೇಲೆ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ, ಲೇಖನ ಪುಸ್ತಕದಿಂದ ತೆಗೆಯುತ್ತೇನೆ, ಹಾಳೆಯೂ ಗೋಡೆಗೆ ಹೋಗುವುದಿಲ್ಲ ಅಂದರು. ಪುಡಿ ಇರುವ ಹಾಳೆಯನ್ನು ನಿಲ್ಲಿಸಿದರೆ ಕಣಗಳು ಉದುರುತ್ತವೆ. ಅದು ಮಲಗಿಯೇ ಇರಬೇಕು. ಸಂರಕ್ಷಕ ತಲೆಯಾಡಿಸಿದ.

"ಹಾಗೇ ಬಿಡಿ," ಡಾಕ್ಟರ್ ಇಂಗ್ಲಿಷಿನಲ್ಲಿ ಅವನಿಗೆ ಹೇಳಿದರು. "ಚಿಕಿತ್ಸೆ ಬೇಡ ಅನ್ನುವುದೂ ಒಂದು ತೀರ್ಮಾನ. ಆಸ್ಪತ್ರೆಯಲ್ಲಿ ಅದಕ್ಕೂ ಸಹಿ ತೆಗೆದುಕೊಳ್ಳುತ್ತೇವೆ. ಎಲ್ಲಿ ಹಾಕಬೇಕು?"

ದಾನಪತ್ರದಲ್ಲಿ ಮೂವತ್ತೊಂದನೆಯ ಹಾಳೆಯ ಎದುರು ಒಂದು ಷರತ್ತು ಸೇರಿಸಿದೆವು: ಬಣ್ಣ ತೆಗೆಯತಕ್ಕದ್ದಲ್ಲ. ಕ್ಯುರೇಟರ್ ಅದರ ಪಕ್ಕದಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹಾಕಿದರು. ಸಹಿಗಳಾದವು. ತಿದ್ದುಪಡಿಯ ಪ್ರತಿಯನ್ನು ಡಾಕ್ಟರ್ ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದರು. 'ಮನೆಯವರೊಬ್ಬರ ಹೇಳಿಕೆ' ಎಂಬಲ್ಲಿ ಅತ್ತೆಯವರು ಕೈ ಎತ್ತಿ ನಿಲ್ಲಿಸಿದರು.

"ನನ್ನ ಹೆಸರು ಹಾಕಂತ ಹೇಳು ಅವಗ. ಗೊತ್ತಾಗಬೇಕಾದವರಿಗೆ ಗೊತ್ತಾತು. ಇನ್ನ ಯಾರಿಗ ಅಂಜೂದು?"

ಹಾಕಿದೆ. ಪೂರ್ತಿ ಹೆಸರು, ಗಂಡನ ಹೆಸರಿನ ಸಮೇತ, ಅವರು ಹೇಳಿದ ಹಾಗೆ.

ಸಂರಕ್ಷಕ ಹಾಳೆಯ ಮೇಲೆ ತೆಳು ಕಾಗದ ಹಾಸಿ, ಚುಕ್ಕೆ ಇರುವ ಕಡೆ ಒತ್ತು ಬೀಳದಂತೆ ಕಿಟಕಿ ಕತ್ತರಿಸಿ, ಪೆಟ್ಟಿಗೆ ಮುಚ್ಚುತ್ತಿದ್ದ. ಅತ್ತೆಯವರು ಅದನ್ನು ನೋಡುತ್ತಿದ್ದರು. ಇನ್ನು ಇದು ಎಲ್ಲಿರುತ್ತದೆ ಎಂದು ನನ್ನನ್ನು ಕೇಳಿದರು. ಕೆಳಗಿನ ಕೋಣೆಯಲ್ಲಿ, ಕತ್ತಲೆಯಲ್ಲಿ, ಅಂದೆ. ನೋಡಬೇಕೆಂದವರು ಚೀಟಿ ಬರೆದುಕೊಟ್ಟರೆ ಪೆಟ್ಟಿಗೆಯನ್ನು ಮೇಲೆ ತಂದು ಇದೇ ಮೇಜಿನ ಮೇಲೆ ತೆರೆದಿಡುತ್ತೇವೆ. ಯಾರು ಬೇಕಾದರೂ ಕೇಳಬಹುದು.

"ಯಾರ ಬೇಕಾದ್ರೂ? ನಾನೂ?"

"ನೀವೂ. ಆದ್ರೆ ಮುಟ್ಟೋ ಹಾಗಿಲ್ಲ ಅಮ್ಮ. ಕೈಯಲ್ಲಿ ಏನೂ ತರೋ ಹಾಗಿಲ್ಲ."

"ಬರೇ ನೋಡೂದು."

"ಬರೀ ನೋಡೋದು."

"ಅತ್ತೆ, ನಾನು ಕರ್ಕೊಂಡ್ ಬರ್ತೀನಿ," ಅಂದರು ಡಾಕ್ಟರ್. "ಡ್ಯೂಟಿ ಅಡ್ಜಸ್ಟ್ ಮಾಡ್ಕೋತೀನಿ."

ನಾನು ಚೀಟಿಯ ಪುಸ್ತಕ ತೆಗೆದೆ. "ಯಾವತ್ತು ಬರ್ತೀರಿ?"

"ಶುಕ್ರವಾರ."

"ಶುಕ್ರವಾರ ಈ ಕೋಣೆ ಬಾಗಿಲು ತೆಗೆಯಲ್ಲ ಅಮ್ಮ. ಮಂಗಳವಾರದಿಂದ ಗುರುವಾರ, ಮಧ್ಯಾಹ್ನ ಎರಡರಿಂದ ನಾಲ್ಕು."

ಅವರು ಮುಚ್ಚಿದ ಪೆಟ್ಟಿಗೆಯ ಕಡೆ ನೋಡಿ, ಸೊಸೆಯ ಕಡೆ ನೋಡಿದರು.

"ಗುರುವಾರ ಹಾಕ್ಕೋ ತಮ್ಮಾ," ಅಂದರು. "ಆ ತಾಯಿಗೆ ಯಾವ ವಾರಾದ್ರ ಏನು."